ಅಪ್ಪನ ರಿಪೋರ್ಟಲ್ಲಿ ಹರ್-2 'ಟೂ ಪ್ಲಸ್' ಬಂದಿದೆ, ಇನ್ನೆಷ್ಟು ಕಾಲ ಅಂತ ಪ್ರೋಟೀನ್ ಟೆಸ್ಟ್ ಹೇಳುತ್ತಾ?

ಪ್ರಶ್ನೆ: ಸುಂಟಿಕೊಪ್ಪದ ಹತ್ರ ನಮ್ಮದೊಂದು ಸಣ್ಣ ಕಾಫಿ ತೋಟ. ಅಪ್ಪನಿಗೆ 62 ವರ್ಷ. ನಾಲ್ಕು ತಿಂಗಳಿಂದ ಊಟ ಸೇರ್ತಿರ್ಲಿಲ್ಲ, ಗ್ಯಾಸ್ಟ್ರಿಕ್ ಅಂತ ಮಾತ್ರೆ ನುಂಗ್ತಾ ಇದ್ರು, ಕೊನೆಗೆ ಮೈಸೂರಲ್ಲಿ ಎಂಡೋಸ್ಕೋಪಿ ಮಾಡ್ಸಿದಾಗ ಹೊಟ್ಟೆ ಕ್ಯಾನ್ಸರ್ ಅಂತ ಗೊತ್ತಾಯ್ತು. ಸ್ಕ್ಯಾನಲ್ಲಿ ಲಿವರ್‌ನಲ್ಲೂ ಎರಡು ಗಂಟು ಕಂಡಿದೆ. ಬಯಾಪ್ಸಿ ರಿಪೋರ್ಟಲ್ಲಿ ಅಡಿನೋಕಾರ್ಸಿನೋಮ, ಇಂಟೆಸ್ಟೈನಲ್ ಟೈಪ್, ಹರ್-2 ಟೂ ಪ್ಲಸ್ ಈಕ್ವಿವೋಕಲ್, ಎಂಎಂಆರ್ ಪ್ರೊಫಿಶಿಯೆಂಟ್ ಅಂತ ಬರ್ದಿದ್ದಾರೆ. ರಕ್ತದಲ್ಲಿ ಸಿಇಎ 2.8, ನಾರ್ಮಲ್ ಅಂತೆ. ಆಲ್ಬುಮಿನ್ 2.9. ಕೆಲವು ಪ್ರೋಟೀನ್ ನೋಡಿ ರೋಗಿ ಎಷ್ಟು ಕಾಲ ಬದುಕ್ತಾರೆ ಅಂತ ಮುಂಚೆನೇ ಹೇಳ್ಬಹುದು ಅನ್ನೋ ಸುದ್ದಿಯೊಂದನ್ನ ಭಾವ ವಾಟ್ಸಾಪಲ್ಲಿ ಕಳ್ಸಿದ್ರು. ಖರ್ಚಾದ್ರೂ ಪರ್ವಾಗಿಲ್ಲ, ಅಂಥ ದೊಡ್ಡ ಪ್ಯಾನೆಲ್ ಟೆಸ್ಟ್ ಮಾಡ್ಸೋಣ್ವಾ? ಈ ಮಳೆಗಾಲಕ್ಕೆ ಹೊಸ ಮೆಣಸಿನ ಬಳ್ಳಿ ನೆಡ್ಸಲಾ ಬೇಡ್ವಾ ಅಂತ ಅಪ್ಪ ಕೇಳ್ತಿದ್ದಾರೆ, ಏನು ಹೇಳ್ಬೇಕೋ ನನಗೆ ಗೊತ್ತಾಗ್ತಿಲ್ಲ. ನಮಗೂ ತಮ್ಮನಿಗೂ ಇದು ಬರುತ್ತಾ? (ಹೆಸರು ಬೇಡ)

ಉತ್ತರ: ಪ್ಯಾನೆಲ್ ವಿಷಯ ಆಮೇಲೆ ಮಾತಾಡೋಣ, ಮೊದ್ಲು ನಿಮ್ಮ ರಿಪೋರ್ಟಲ್ಲಿ ಅರ್ಧಕ್ಕೇ ನಿಂತಿರೋ ಒಂದು ಕೆಲಸ ಇದೆ, ಅದನ್ನ ಹೇಳ್ಬಿಡ್ತೀನಿ. ಹರ್-2 ಟೂ ಪ್ಲಸ್ ಅಂದ್ರೆ ಆ ಟೆಸ್ಟ್ ಇನ್ನೂ ಮುಗಿದಿಲ್ಲ ಅಂತ. ಪಾಸಿಟಿವೂ ಅಲ್ಲ, ನೆಗೆಟಿವೂ ಅಲ್ಲ. ಬಯಾಪ್ಸಿ ಚೂರು ಹುದುಗ್ಸಿಟ್ಟಿರೋ ಅದೇ ಮೇಣದ ಬ್ಲಾಕಿಂದ ಫಿಶ್ ಅನ್ನೋ ಇನ್ನೊಂದು ಟೆಸ್ಟ್ ಆಗ್ಬೇಕು. ನಾನು ಪೆಥಾಲಜಿಯವನು, ಇಪ್ಪತ್ತು ಚಿಲ್ಲರೆ ವರ್ಷದಿಂದ ಇವೇ ಕಂದು ಬಣ್ಣದ ಸ್ಲೈಡ್ ನೋಡ್ಕೊಂಡು ಕೂತಿರೋನು, ಮನೆಯವ್ರು ಟೂ ಪ್ಲಸ್ ಅನ್ನೋದನ್ನ 'ಸ್ವಲ್ಪ ಪಾಸಿಟಿವ್' ಅಂತ ಓದ್ಕೊಂಡು ಫೈಲಿಗೆ ಸೇರ್ಸಿ ಸುಮ್ಮನಾಗೋದನ್ನ ಲೆಕ್ಕ ಇಲ್ಲದಷ್ಟು ಸಲ ನೋಡಿದ್ದೀನಿ, ಅದಕ್ಕೇ ಇಷ್ಟು ಒತ್ತಿ ಹೇಳ್ತಿರೋದು.

ಹರ್-2 ಅನ್ನೋದು ಜೀವಕೋಶದ ಮೈಮೇಲೆ ಕೂತಿರೋ ಒಂದು ಪ್ರೋಟೀನು, 'ಬೆಳಿ, ಬೆಳಿ' ಅನ್ನೋ ಸಿಗ್ನಲ್ ಒಳಗೆ ಕಳ್ಸೋದು ಅದರ ಕೆಲಸ. ಸಾಮಾನ್ಯ ಕೋಶದಲ್ಲಿ ಅಲ್ಲೊಂದು ಇಲ್ಲೊಂದು ಇರುತ್ತೆ, ಹೊಟ್ಟೆ ಕ್ಯಾನ್ಸರಲ್ಲಿ ನೂರಕ್ಕೆ ಹದಿನೈದಿಪ್ಪತ್ತು ಜನರಲ್ಲಿ ಮಾತ್ರ ರಾಶಿ ಬಿದ್ದಿರುತ್ತೆ. ನಾವು ಬಯಾಪ್ಸಿ ಚೂರನ್ನ ಮೇಣದಲ್ಲಿ ಹುದುಗ್ಸಿ, ಮೂರು ನಾಲ್ಕು ಮೈಕ್ರಾನ್ ದಪ್ಪಕ್ಕೆ ಹೆರೆದು, ಆ ಪ್ರೋಟೀನಿಗೇ ಹೋಗಿ ಅಂಟ್ಕೊಳ್ಳೋ ಆಂಟಿಬಾಡಿ ಹಾಕಿ ಬಣ್ಣ ಬರ್ಸ್ತೀವಿ. ಮೈಕ್ರೋಸ್ಕೋಪಿನ ಸಣ್ಣ ಲೆನ್ಸಲ್ಲೇ ಕಡು ಕಂದು ಕಣ್ಣಿಗೆ ರಾಚಿದ್ರೆ ತ್ರೀ ಪ್ಲಸ್, ಮಧ್ಯದ ಲೆನ್ಸ್ ಹಾಕಿದ್ಮೇಲೆ ಕಂಡ್ರೆ ಟೂ ಪ್ಲಸ್, ದೊಡ್ಡ ಲೆನ್ಸಲ್ಲಿ ತಡಕಾಡ್ಬೇಕಾಗಿ ಬಂದ್ರೆ ಒನ್ ಪ್ಲಸ್. ಸ್ತನ ಕ್ಯಾನ್ಸರಲ್ಲಿ ಕೋಶದ ಸುತ್ತ ಪೂರ್ತಿ ಬಳೆ ಥರ ಬಣ್ಣ ಬರ್ಬೇಕು, ಹೊಟ್ಟೆಯಲ್ಲಿ ಹಾಗಲ್ಲ, ಕುದುರೆ ಲಾಳದ ಆಕಾರದಲ್ಲಿ ಮೂರು ಕಡೆ ಬಂದ್ರೂ ಸಾಕು. ಸ್ತನದ ಲೆಕ್ಕವನ್ನೇ ಇಲ್ಲಿಗೂ ಹಾಕಿದ್ರೆ ಪಾಸಿಟಿವ್ ಇರೋರು ಕೈತಪ್ಪಿ ಹೋಗ್ತಾರೆ. ಟೂ ಪ್ಲಸ್ ಬಂದಾಗ ಫಿಶ್‌ನಲ್ಲಿ ಆ ಪ್ರೋಟೀನ್ ಮಾಡೋ ಜೀನಿನ ಪ್ರತಿಗಳನ್ನೇ ಎಣಿಸ್ತೀವಿ, 17ನೇ ಕ್ರೋಮೋಸೋಮಿಗೆ ಹೋಲಿಸಿ ಎರಡರಷ್ಟೋ ಅದಕ್ಕಿಂತ ಹೆಚ್ಚೋ ಇದ್ರೆ ಪಾಸಿಟಿವ್.

ಇದರಿಂದ ಏನು ಉಪಯೋಗ ಅಂತ ಕೇಳ್ತೀರಾ? 2010ರಲ್ಲಿ ಟೋಗಾ ಅನ್ನೋ ದೊಡ್ಡ ಪ್ರಯೋಗದ ಫಲಿತಾಂಶ ಬಂತು. ಹರ್-2 ಪಾಸಿಟಿವ್ ಇದ್ದ, ಕಾಯಿಲೆ ಮುಂದುವರಿದಿದ್ದ ಸುಮಾರು ಆರುನೂರು ಜನ ಅದರಲ್ಲಿದ್ರು, ಬರೀ ಕೀಮೋ ತಗೊಂಡವರ ಮೀಡಿಯನ್ ಆಯಸ್ಸು (ಸಾಲಿನ ಮಧ್ಯದವನ ಲೆಕ್ಕ, ಕೆಳಗೆ ಬಿಡಿಸಿ ಹೇಳ್ತೀನಿ) 11.1 ತಿಂಗಳು, ಕೀಮೋ ಜೊತೆ ಹರ್-2ನ್ನ ಹಿಡ್ಕೊಳ್ಳೋ ಟ್ರಾಸ್ಟುಜುಮ್ಯಾಬ್ ಅನ್ನೋ ಔಷಧಿ ತಗೊಂಡವರದ್ದು 13.8. ಇಷ್ಟೇನಾ ಅನ್ಸುತ್ತೆ, ಆದ್ರೆ ಅದರೊಳಗೇ ಪ್ರೋಟೀನ್ ನಿಜವಾಗಿ ಜಾಸ್ತಿ ಇದ್ದವರನ್ನ, ಅಂದ್ರೆ ತ್ರೀ ಪ್ಲಸ್ ಅಥವಾ ಟೂ ಪ್ಲಸ್ ಜೊತೆ ಫಿಶ್ ಪಾಸಿಟಿವ್ ಇದ್ದವರನ್ನ ಬೇರೆ ಮಾಡಿ ನೋಡಿದಾಗ 11.8ಕ್ಕೆ ಎದುರು 16 ತಿಂಗಳು. ಜೀನ್ ಜಾಸ್ತಿ ಇದ್ದು ಪ್ರೋಟೀನ್ ಬಣ್ಣನೇ ಬರದೆ ಇದ್ದವರಿಗೆ ಹೇಳ್ಕೊಳ್ಳೋ ಅಂಥ ಲಾಭ ಕಾಣ್ಲಿಲ್ಲ. ಔಷಧಿ ಹೋಗಿ ಹಿಡ್ಕೊಳ್ಳೋದು ಪ್ರೋಟೀನನ್ನ ತಾನೇ, ಜೀನನ್ನ ಅಲ್ವಲ್ಲ. ಆಮೇಲೆ ಇದ್ರ ಜೊತೆಗೆ ಪೆಂಬ್ರೋಲಿಜುಮ್ಯಾಬ್ ಅನ್ನೋ ಇಮ್ಯುನೋಥೆರಪಿಯೂ (ದೇಹದ ರೋಗನಿರೋಧಕ ಶಕ್ತಿಯನ್ನೇ ಕ್ಯಾನ್ಸರ್ ಮೇಲೆ ಎಬ್ಬಿಸೋ ಔಷಧಿ) ಸೇರ್ಸಿ ನೋಡಿದ್ರು, ಅದರಲ್ಲಿ ಮೀಡಿಯನ್ 20 ತಿಂಗಳವರೆಗೂ ಹೋಯ್ತು. ಅಪ್ಪನಿಗೆ ಈ ಬಾಗಿಲು ತೆರೆದಿದೆಯೋ ಮುಚ್ಚಿದೆಯೋ ಅಂತ ಹೇಳೋದು ಆ ಬಾಕಿ ಇರೋ ಫಿಶ್ ಒಂದೇ. ಅದು ಬರೋವರೆಗೂ ಕೀಮೋ ನಿಲ್ಸಿ ಕಾಯ್ಬೇಕಾಗಿಲ್ಲ, ಶುರು ಮಾಡಿ, ಪಾಸಿಟಿವ್ ಬಂದ್ರೆ ಮುಂದಿನ ಸೈಕಲಲ್ಲಿ ಸೇರ್ಸ್ಕೊಳ್ತಾರೆ, ಹೃದಯದ ಎಕೋ ಮಾತ್ರ ಮುಂಚೆನೇ ಮಾಡ್ಸಿಟ್ಟಿರಿ, ಯಾಕಂದ್ರೆ ಆ ಔಷಧಿ ಕೆಲವರ ಹೃದಯದ ಪಂಪಿಂಗ್ ಕಮ್ಮಿ ಮಾಡುತ್ತೆ. ಖರ್ಚಿನ ಬಗ್ಗೆ ಹೇಳೋದಾದ್ರೆ, ಒಂದು ಕಾಲದಲ್ಲಿ ಈ ಔಷಧಿ ಹೆಸರು ಕೇಳಿದ್ರೇ ಜನ ತೋಟ ಮಾರೋ ಮಾತಾಡ್ತಿದ್ರು, 2014ರಲ್ಲಿ ನಮ್ಮ ಬೆಂಗಳೂರಿನ ಬಯೋಕಾನ್ ಅದರ ಬಯೋಸಿಮಿಲರ್, ಅಂದ್ರೆ ಅದೇ ಥರ ಕೆಲಸ ಮಾಡೋ ನಕಲು ಔಷಧಿ, ತಂದ್ಮೇಲೆ, ಆಮೇಲೆ ಬೇರೆಯವ್ರೂ ತಂದ್ಮೇಲೆ ರೇಟು ಇಳಿದಿದೆ. ಆಸ್ಪತ್ರೆಯಲ್ಲಿ ಸರ್ಕಾರಿ ಆರೋಗ್ಯ ಯೋಜನೆಯ ಆರೋಗ್ಯಮಿತ್ರರ ಕೌಂಟರ್ ಇದ್ರೆ ಅಲ್ಲೂ ಒಂದ್ಸಲ ವಿಚಾರ್ಸಿ.

ಈಗ ಭಾವ ಕಳ್ಸಿದ ಸುದ್ದಿಗೆ ಬರ್ತೀನಿ. ಪ್ರೋಟೀನ್ ಗುರುತುಗಳಲ್ಲಿ ಎರಡು ಜಾತಿ. ಈ ವ್ಯತ್ಯಾಸ ತಲೆಗೆ ಹೋದ್ರೆ ಅರ್ಧ ಗೊಂದಲ ಅಲ್ಲೇ ಕರಗುತ್ತೆ. ನೀವು ತೋಟದವ್ರು, ಬೇಗ ಅರ್ಥ ಆಗುತ್ತೆ. ಮಾರ್ಚಲ್ಲಿ ಹೂಮಳೆ ಸರಿಯಾಗಿ ಬಿತ್ತಾ ಇಲ್ವಾ ಅಂತ ನೋಡಿ ಈ ವರ್ಷ ರೋಬಸ್ಟಾ ಫಸಲು ಹೇಗಿರುತ್ತೆ ಅಂತ ಅಂದಾಜು ಮಾಡ್ತೀರಲ್ಲ, ಅದೊಂದು ಜಾತಿ, ಮುಂದೇನಾಗ್ಬಹುದು ಅಂತ ಹೇಳುತ್ತೆ ಅಷ್ಟೇ. ಅರೇಬಿಕಾ ಗಿಡ ಸೊರಗಿದಾಗ ಅದು ಕಾಂಡಕೊರಕನಾ, ಎಲೆ ತುಕ್ಕಾ ಅಂತ ನೋಡಿ ಯಾವ ಮದ್ದು ಅಂತ ತೀರ್ಮಾನ ಮಾಡೋದು ಇನ್ನೊಂದು ಜಾತಿ. ಹರ್-2 ಈ ಎರಡನೇ ಜಾತಿದು. ತಮಾಷೆ ಏನಂದ್ರೆ ಮೊದಲನೇ ಜಾತಿಯಾಗಿ ಅದು ಅಷ್ಟೇನೂ ಪ್ರಯೋಜನಕ್ಕೆ ಬರಲ್ಲ, ಔಷಧಿ ಕೊಡದೆ ಇದ್ದಾಗ ಹರ್-2 ಪಾಸಿಟಿವ್ ಇರೋ ಹೊಟ್ಟೆ ಕ್ಯಾನ್ಸರ್ ಕೆಟ್ಟದ್ದಾ ಅಲ್ವಾ ಅಂತ ಅಧ್ಯಯನಗಳು ಒಂದೊಂದು ಒಂದೊಂದು ಥರ ಹೇಳಿವೆ. ಆದ್ರೂ ನಮಗೆ ಅದೇ ಬೇಕಾಗಿರೋದು, ಯಾಕಂದ್ರೆ ಅದು ಚಿಕಿತ್ಸೆ ಬದಲಾಯಿಸುತ್ತೆ.

ವಾಟ್ಸಾಪಲ್ಲಿ ಬರೋ ಸುದ್ದಿ ಹೆಚ್ಚಾಗಿ ಮೊದಲನೇ ಜಾತಿದು. ಅವು ಹೇಗೆ ಹುಟ್ತವೆ ಅಂತ ಹೇಳ್ತೀನಿ ಕೇಳಿ. ಯಾವುದೋ ದೊಡ್ಡ ಆಸ್ಪತ್ರೆಯಲ್ಲಿ ಆಪರೇಷನ್ ಆದ ಕೆಲವು ನೂರು ಜನರ ಹಳೇ ಬ್ಲಾಕೋ ಫ್ರೀಜರಲ್ಲಿಟ್ಟ ರಕ್ತವೋ ಇರುತ್ತೆ, ಯಾರು ಎಷ್ಟು ತಿಂಗಳು ಬದುಕಿದ್ರು ಅನ್ನೋ ದಾಖಲೆಯೂ ಇರುತ್ತೆ. ಮಾಸ್ ಸ್ಪೆಕ್ಟ್ರೋಮೀಟರ್ ಥರದ ಮಷೀನಲ್ಲಿ ಒಂದೇ ಸಲಕ್ಕೆ ಸಾವಿರಾರು ಪ್ರೋಟೀನ್ ಅಳೀತಾರೆ. ಆಮೇಲೆ ಕಂಪ್ಯೂಟರಿಗೆ ಹಾಕಿ, ಬೇಗ ತೀರ್ಕೊಂಡವರಲ್ಲಿ ಯಾವ್ಯಾವ ಪ್ರೋಟೀನ್ ಹೆಚ್ಚಿತ್ತು, ಯಾವ್ಯಾವುದು ಕಮ್ಮಿ ಇತ್ತು ಅಂತ ಹುಡುಕ್ತಾರೆ. ಸಿಗುತ್ತೆ, ಸಿಗದೇ ಇರಲ್ಲ. ಕೊಡಗಿನ ಹಳೇ ಪ್ಲಾಂಟರುಗಳ ಮನೆಯಲ್ಲಿ ಇಂಚು ಸೆಂಟು ಲೆಕ್ಕದಲ್ಲಿ ಮಳೆ ಬರ್ದಿಟ್ಟ ಡೈರಿ ಇರುತ್ತಲ್ಲ, ಅದರಲ್ಲಿ ಮಳೆ ಜೊತೆ ಮನೆಗೆ ಬಂದ ನೆಂಟರ ಸಂಖ್ಯೆ, ನಾಯಿ ಮರಿ ಹಾಕಿದ್ದು, ಜೀಪ್ ಕೆಟ್ಟಿದ್ದು ಅಂತ ಸಾವಿರ ವಿಷಯ ಬರ್ದಿಟ್ರೆ, ಒಳ್ಳೆ ಫಸಲು ಬಂದ ವರ್ಷಕ್ಕೆ ಹೊಂದೋದು ಒಂದಷ್ಟು ಸಿಕ್ಕೇ ಸಿಗುತ್ತೆ, ನಾಯಿ ಮರಿಗೂ ಕಾಫಿಗೂ ಸಂಬಂಧ ಇರ್ಬೇಕು ಅಂತೇನಿಲ್ಲ. ವಿಜ್ಞಾನದಲ್ಲಿ ಸಾಮಾನ್ಯವಾಗಿ ಇಪ್ಪತ್ತಕ್ಕೆ ಒಂದು ತಪ್ಪನ್ನ ಒಪ್ಕೊಳ್ತಾರೆ, ಆ ಲೆಕ್ಕದಲ್ಲಿ ಏನೂ ಸಂಬಂಧವೇ ಇಲ್ಲದ ಸಾವಿರ ಪ್ರೋಟೀನ್ ನೋಡಿದ್ರೂ ಐವತ್ತು ಬರೀ ಅದೃಷ್ಟದಿಂದ 'ಮುಖ್ಯ' ಅಂತ ಎದ್ದು ಕೂರ್ತವೆ. ಇದನ್ನ ತಿದ್ದೋ ಗಣಿತ ಇದೆ, ಒಳ್ಳೆಯವ್ರು ಬಳಸ್ತಾರೆ, ಆದ್ರೂ ನಿಜವಾದ ಪರೀಕ್ಷೆ ಆಗೋದು ಬೇರೆ ಊರಿನ, ಬೇರೆ ಆಸ್ಪತ್ರೆಯ, ಬೇರೆ ಚಿಕಿತ್ಸೆ ತಗೊಂಡ ಜನರಲ್ಲಿ ಅದೇ ಲೆಕ್ಕ ನಿಲ್ಲುತ್ತಾ ಅನ್ನೋದರಲ್ಲಿ. ಬಹಳಷ್ಟು ಅಲ್ಲೇ ಮುಗ್ಗರಿಸ್ತವೆ. ಜಪಾನಲ್ಲಿ ಸ್ಕ್ರೀನಿಂಗ್ ಇರೋದ್ರಿಂದ ಬೇಗ ಪತ್ತೆಯಾಗಿ ಆಪರೇಷನ್ ಆದವ್ರು ಜಾಸ್ತಿ, ನಮ್ಮಲ್ಲಿ ಬರೋರು ನಿಮ್ಮಪ್ಪನ ಥರ ಗ್ಯಾಸ್ಟ್ರಿಕ್ ಮಾತ್ರೆಯಲ್ಲಿ ತಿಂಗಳುಗಟ್ಟಲೆ ಕಳ್ದು ಬಂದವ್ರು, ಅವರ ಲೆಕ್ಕ ಇವ್ರಿಗೆ ಹೇಗೆ ಕೂರುತ್ತೆ ಹೇಳಿ.

ಸರಿ, ಎಲ್ಲ ಪರೀಕ್ಷೆ ಪಾಸಾದ ಒಳ್ಳೇ ಪ್ಯಾನೆಲ್ಲೇ ಇದೆ ಅಂತ ಇಟ್ಕೊಳ್ಳಿ. ಇಂಥವುಗಳ ಸಾಮರ್ಥ್ಯ ಅಳೆಯೋ ಒಂದು ವಿಧಾನ ಇದೆ, ಇಬ್ಬರು ರೋಗಿಗಳನ್ನ ಕೊಟ್ಟು ಇವರಲ್ಲಿ ಯಾರು ಹೆಚ್ಚು ಕಾಲ ಬದುಕ್ತಾರೆ ಹೇಳು ಅಂತ ಕೇಳೋದು. ನಾಣ್ಯ ಚಿಮ್ಮಿದ್ರೆ ಹತ್ತಕ್ಕೆ ಐದು ಸಲ ಸರಿ ಬರುತ್ತೆ. ಹತ್ತಕ್ಕೆ ಏಳು ಸರಿ ಹೇಳೋ ಪ್ಯಾನೆಲ್ಲನ್ನ ನಾವು ಪರ್ವಾಗಿಲ್ಲ, ಚೆನ್ನಾಗಿದೆ ಅಂತೀವಿ. ಅಂದ್ರೆ ಮೂರು ಸಲ ಉಲ್ಟಾ. ಅದೂ 'ಇವ್ರಿಗಿಂತ ಅವ್ರು ಹೆಚ್ಚು ಕಾಲ' ಅನ್ನೋದಷ್ಟೇ, ಎಷ್ಟು ತಿಂಗಳು ಅನ್ನೋದು ಅದರಲ್ಲಿ ಇಲ್ಲವೇ ಇಲ್ಲ.

ಹಾಗಾಗಿ ನನ್ನ ಮಾತು ಇಷ್ಟೇ, ದೊಡ್ಡ ಪ್ಯಾನೆಲ್ ಬೇಡ. ದುಡ್ಡಿಗಿಂತ ದೊಡ್ಡ ಕಾರಣ ಒಂದಿದೆ, ಯಾರೂ ಹೇಳಲ್ಲ ಅದನ್ನ. ಎಂಡೋಸ್ಕೋಪಿಯಲ್ಲಿ ತೆಗೆದ ಚೂರು ಒಂದೊಂದೂ ಎರಡು ಮೂರು ಮಿಲಿಮೀಟರು, ಹೆಚ್ಚುಕಮ್ಮಿ ಎಳ್ಳುಕಾಳಿನಷ್ಟು. ಒಂದೊಂದು ಟೆಸ್ಟಿಗೂ ಅದರಿಂದ ಹೆರೀತಾ ಹೋಗ್ಬೇಕು, ಹೆರೆದ್ಹಂಗೆ ಸವೀತಾ ಹೋಗುತ್ತೆ, ಕೊನೆಗೆ ಬ್ಲಾಕಲ್ಲಿ ಬರೀ ಮೇಣ. ಬೇಕಾದ ಟೆಸ್ಟಿಗೇ ಚೂರಿಲ್ಲ ಅಂತಾದ್ರೆ ಇನ್ನೊಮ್ಮೆ ಎಂಡೋಸ್ಕೋಪಿ. ಆದ್ರಿಂದ ಸರದಿ ಹೀಗಿರ್ಲಿ: ಮೊದ್ಲು ಹರ್-2 ಫಿಶ್, ಆಮೇಲೆ ಪಿಡಿ-ಎಲ್1, ಮೂರನೇದು ಕ್ಲಾಡಿನ್ 18.2, ಅದೂ ಹರ್-2 ನೆಗೆಟಿವ್ ಬಂದ್ರೆ ಮಾತ್ರ.

ಪಿಡಿ-ಎಲ್1 ಅಂದ್ರೆ ಕ್ಯಾನ್ಸರ್ ಕೋಶವೂ ಅದರ ಸುತ್ತಲ ಕೋಶಗಳೂ ನಮ್ಮ ಬಿಳಿ ರಕ್ತಕಣಕ್ಕೆ 'ಸುಮ್ನಿರು' ಅಂತ ಹೇಳಕ್ಕೆ ಬಳಸೋ ಪ್ರೋಟೀನು. ಅದಕ್ಕೆ ಸಿಪಿಎಸ್ ಅಂತ ಒಂದು ಸ್ಕೋರ್ ಕೊಡ್ತೀವಿ. ಸ್ಕೋರ್ ಐದು ಅಥವಾ ಹೆಚ್ಚು ಇದ್ದವರಿಗೆ ಕೀಮೋ ಜೊತೆ ನಿವೋಲುಮ್ಯಾಬ್ ಅನ್ನೋ ಇಮ್ಯುನೋಥೆರಪಿ ಕೊಟ್ಟಾಗ ಮೀಡಿಯನ್ 11.1 ತಿಂಗಳಿಂದ 14.4ಕ್ಕೆ ಹೋಯ್ತು ಅಂತ 2021ರಲ್ಲಿ ಬಂತು. ಇಲ್ಲಿ ನಮ್ಮ ಕಸುಬಿನ ಗುಟ್ಟೊಂದು ಹೇಳ್ಬಿಡ್ತೀನಿ, ಈ ಸ್ಕೋರಲ್ಲಿ ಇಬ್ಬರು ಪೆಥಾಲಜಿಸ್ಟ್ ಯಾವಾಗ್ಲೂ ಒಪ್ಪಲ್ಲ. ಒಂದೇ ಲಾಟ್ ಕಾಫಿಯನ್ನ ಇಬ್ಬರು ಕಪ್ ಟೇಸ್ಟರ್‌ಗಳಿಗೆ ಕೊಟ್ಟ ಹಾಗೆ. ಹದಿನೈದಾ ಇಪ್ಪತ್ತಾ ಅನ್ನೋದರಲ್ಲಿ ಜಗಳ ಬಂದ್ರೆ ಚಿಂತೆ ಇಲ್ಲ, ನಾಲ್ಕಾ ಐದಾ ಅನ್ನೋ ಕಡೆ ಬಂದ್ರೆ ಇನ್ನೊಬ್ಬರ ಕಣ್ಣು ಕೇಳಿ. ಕ್ಲಾಡಿನ್ 18.2 ಹೊಟ್ಟೆಯ ಒಳಪದರದ ಕೋಶಗಳನ್ನ ಒಂದಕ್ಕೊಂದು ಹೊಲಿದಿಡೋ ಪ್ರೋಟೀನ್, ಮುಕ್ಕಾಲು ಪಾಲು ಕ್ಯಾನ್ಸರ್ ಕೋಶಗಳಲ್ಲಿ ಗಟ್ಟಿಯಾಗಿ ಕಂಡ್ರೆ ಪಾಸಿಟಿವ್, ಪ್ರಯೋಗಕ್ಕೆ ಬಂದವರಲ್ಲಿ ನೂರಕ್ಕೆ 38 ಜನರಲ್ಲಿ ಇತ್ತು. ಅದಕ್ಕೆ ಝೋಲ್ಬೆಟುಕ್ಸಿಮ್ಯಾಬ್ ಅಂತ ಔಷಧಿ, ಜಪಾನಲ್ಲೂ ಅಮೆರಿಕದಲ್ಲೂ 2024ರಲ್ಲಿ ಒಪ್ಪಿಗೆ ಆಯ್ತು. ದುಬಾರಿ. ಔಷಧಿ ಕೈಗೆಟಕುತ್ತಾ ಅಂತ ನಿಮ್ಮ ಆಂಕಾಲಜಿಸ್ಟ್ ಹತ್ರ ಮೊದ್ಲೇ ಕೇಳಿ, ಎಟಕಲ್ಲ ಅಂದ್ರೆ ಆ ಟೆಸ್ಟಿಗೆ ಚೂರು ಸವೆಸ್ಬೇಡಿ.

ಎಂಎಂಆರ್ ಪ್ರೊಫಿಶಿಯೆಂಟ್ ಅಂದ್ರೆ ಡಿಎನ್‌ಎ ತಪ್ಪು ತಿದ್ದೋ ನಾಲ್ಕು ಪ್ರೋಟೀನೂ ಜಾಗದಲ್ಲೇ ಇವೆ ಅಂತ. ಅವು ಕಾಣೆಯಾಗಿರೋ ಕ್ಯಾನ್ಸರ್‌ಗಳು ಇಮ್ಯುನೋಥೆರಪಿಗೆ ತುಂಬ ಚೆನ್ನಾಗಿ ಸ್ಪಂದಿಸ್ತವೆ, ಆದ್ರೆ ಲಿವರಿಗೆ ಹೋದ ಹಂತದಲ್ಲಿ ಅಂಥವ್ರು ನೂರಕ್ಕೆ ಐದು ಜನ ಅಷ್ಟೇ. ಇಲ್ಲ ಅಂತ ಬೇಜಾರು ಮಾಡ್ಕೊಳ್ಳೋದೇನಿಲ್ಲ.

ಸಿಇಎ, ಅಂದ್ರೆ ಕೆಲವು ಕ್ಯಾನ್ಸರ್‌ಗಳು ರಕ್ತಕ್ಕೆ ಬಿಡೋ ಒಂದು ಪ್ರೋಟೀನ್, ನಾರ್ಮಲ್ ಅಂತ ಮನೆಯಲ್ಲಿ ಸಮಾಧಾನ ಪಟ್ಕೊಂಡಿದ್ರೆ ಅದನ್ನ ಕೆಡಿಸೋಕೆ ನನಗಿಷ್ಟ ಇಲ್ಲ, ಆದ್ರೆ ನಿಜ ಹೇಳ್ಬೇಕಲ್ಲ. ಬಹಳಷ್ಟು ಹೊಟ್ಟೆ ಕ್ಯಾನ್ಸರ್‌ಗಳು ಸಿಇಎ ರಕ್ತಕ್ಕೆ ಬಿಡೋದೇ ಇಲ್ಲ, ಸಿಗರೇಟು ಬೀಡಿ ಸೇದೋರಲ್ಲಿ ಕ್ಯಾನ್ಸರ್ ಇಲ್ಲದೇನೇ ಏರುತ್ತೆ. ಮೊದ್ಲೇ ಏರಿದ್ರೆ ಚಿಕಿತ್ಸೆಗೆ ಇಳೀತಾ ಅಂತ ನೋಡಕ್ಕೆ ಉಪಯೋಗ, ಅಪ್ಪನಲ್ಲಿ ಏರಿಲ್ಲ, ಹಾಗಾಗಿ ತಿಂಗಳು ತಿಂಗಳು ಮಾಡ್ಸಿ ದುಡ್ಡು ಸುರೀಬೇಡಿ. ಸಿಎ 19-9 ಅನ್ನೋ ಇನ್ನೊಂದು ರಕ್ತದ ಗುರುತೂ ಇಂಥದ್ದೇ, ರಕ್ತದ ಲೂಯಿಸ್ ಗುಂಪು ನೆಗೆಟಿವ್ ಇರೋ ಕೆಲವರ ದೇಹಕ್ಕೆ ಅದನ್ನ ತಯಾರಿಸೋ ಶಕ್ತಿನೇ ಇರಲ್ಲ, ಎಂಥಾ ಕ್ಯಾನ್ಸರ್ ಇದ್ರೂ ಸೊನ್ನೆ ಹತ್ರವೇ ತೋರ್ಸುತ್ತೆ.

ನೀವು ಕೊನೆಗೆ ಹಾಗೇ ಬರ್ದು ಬಿಟ್ಟಿರೋ ಆಲ್ಬುಮಿನ್ 2.9 ಇದೆಯಲ್ಲ, ನನ್ನ ಕಣ್ಣು ನಿಂತಿದ್ದು ಅಲ್ಲಿ. ಪ್ರೋಟೀನ್ ನೋಡಿ ಆಯಸ್ಸು ಹೇಳೋ ಟೆಸ್ಟ್ ಬೇಕು ಅಂತೀರಲ್ಲ, ಮಡಿಕೇರಿಯ ಯಾವ ಲ್ಯಾಬಲ್ಲಾದ್ರೂ ಆಗೋ ಈ ಅಗ್ಗದ ಟೆಸ್ಟೇ ಅದು. ಆಲ್ಬುಮಿನ್ 3.5ಕ್ಕಿಂತ ಕೆಳಗಿದ್ದು ಉರಿಯೂತ ತೋರ್ಸೋ ಸಿಆರ್‌ಪಿ ಅನ್ನೋ ಪ್ರೋಟೀನ್ ಲೀಟರಿಗೆ ಹತ್ತು ಮಿಲಿಗ್ರಾಂ ದಾಟಿದವ್ರು ಕಷ್ಟ ಪಡ್ತಾರೆ ಅನ್ನೋದು ದೇಶ ದೇಶಗಳಲ್ಲಿ, ಬೇರೆ ಬೇರೆ ಕ್ಯಾನ್ಸರ್‌ಗಳಲ್ಲಿ ಮತ್ತೆ ಮತ್ತೆ ಕಂಡಿರೋದು, ಅದಕ್ಕೆ ಗ್ಲಾಸ್ಗೋ ಸ್ಕೋರ್ ಅಂತ ಹೆಸರೂ ಇದೆ. ಯಾಕೆ ಇಳಿಯುತ್ತೆ ಅಂದ್ರೆ ಊಟ ಇಲ್ದೆ ಇರೋದು ಒಂದು ಕಾರಣ, ಇನ್ನೊಂದು, ಕ್ಯಾನ್ಸರ್ ಒಳಗೊಳಗೇ ಉರಿಯೂತ ಎಬ್ಬಿಸಿದಾಗ ಲಿವರ್ ಆಲ್ಬುಮಿನ್ ಮಾಡೋದು ಬಿಟ್ಟು ಸಿಆರ್‌ಪಿ ಮಾಡೋ ಕೆಲಸಕ್ಕೆ ಹೋಗುತ್ತೆ. ಹಾಗಾಗಿ ಮೊಟ್ಟೆ ಬಿಳಿ ತಿನ್ಸಿದ ತಕ್ಷಣ ನಂಬರ್ ಏರಲ್ಲ, ಆಲ್ಬುಮಿನ್ ಬಾಟ್ಲಿ ಏರ್ಸಿದ್ರೆ ನಂಬರ್ ಏರುತ್ತೆ ಆದ್ರೆ ಆಯಸ್ಸು ಏರಲ್ಲ. ಆದ್ರೂ ಊಟದ ಕಡೆ ಗಮನ ಕೊಡ್ಲೇಬೇಕು, ತೂಕ ಹಿಡಿದಿಟ್ಕೊಂಡವ್ರು ಕೀಮೋ ತಡ್ಕೊಳ್ತಾರೆ. ದಿನಕ್ಕೆ ಆರೇಳು ಸಲ ಸ್ವಲ್ಪ ಸ್ವಲ್ಪ, ಗಂಜಿ, ಮೊಟ್ಟೆ, ಮೀನು, ಮೆತ್ತಗಿನ ನೂಪುಟ್ಟಿಗೆ (ಅಕ್ಕಿ ಶಾವಿಗೆ) ಕೋಳಿ ಸಾರು, ಏನು ಇಳಿಯುತ್ತೋ ಅದು. ಹಂದಿ ಮಾಂಸ ಬಿಡ್ಬೇಕಾ ಅಂತ ಈ ಕಡೆಯವ್ರು ಎಲ್ರೂ ಕೇಳ್ತಾರೆ, ಅದಕ್ಕೇ ಹೇಳ್ಬಿಡ್ತೀನಿ, ಒಲೆ ಮೇಲೆ ಹೊಗೆಗೆ ಕಟ್ಟಿ ಒಣಗಿಸಿದ್ದು, ಉಪ್ಪು ಹಾಕಿಟ್ಟಿದ್ದು ಬೇಡ, ಕಾಚಂಪುಳಿಯ ಹುಳಿ, ಖಾರ ಈಗ ಹೊಟ್ಟೆ ಉರಿಸುತ್ತೆ, ಮೆತ್ತಗೆ ಬೇಯಿಸಿದ ತಾಜಾ ಮಾಂಸ ಎರಡು ಚೂರು ಆಸೆಪಟ್ಟು ತಿಂತಾರಾದ್ರೆ ತಿನ್ಲಿ.

ಈಗ ಎಷ್ಟು ಕಾಲ ಅನ್ನೋ ಪ್ರಶ್ನೆ. ಮೇಲೆ ನಾನು ಮೀಡಿಯನ್ ಮೀಡಿಯನ್ ಅಂತ ಬರ್ದಿದ್ದೆಲ್ಲ ನೂರು ಜನರನ್ನ ಸಾಲಾಗಿ ನಿಲ್ಸಿದಾಗ ಮಧ್ಯದವನ ಲೆಕ್ಕ. ಕೊಡಗಿನ ಸರಾಸರಿ ಮಳೆ ಇಷ್ಟಿಂಚು ಅಂತ ಪೇಪರಲ್ಲಿ ಬರುತ್ತೆ, ಅದು ಭಾಗಮಂಡಲಕ್ಕೂ ಸರಿಯಲ್ಲ ಕುಶಾಲನಗರಕ್ಕೂ ಸರಿಯಲ್ಲ. ಆಂಕಾಲಜಿಸ್ಟುಗಳು ಒಂದು ಅಂದಾಜು ಬಳಸ್ತಾರೆ, ಮೀಡಿಯನ್ ಒಂದು ವರ್ಷ ಅಂದ್ರೆ ಸುಮಾರು ಅರ್ಧದಷ್ಟು ಜನ ಆರು ತಿಂಗಳಿಂದ ಎರಡು ವರ್ಷದ ನಡುವೆ ಇರ್ತಾರೆ, ನೂರಕ್ಕೆ ಐದ್ಹತ್ತು ಜನ ಮೂರು ವರ್ಷ ದಾಟ್ತಾರೆ, ಅಷ್ಟೇ ಜನ ಮೂರು ತಿಂಗಳೂ ಕಳೆಯಲ್ಲ. ಅಪ್ಪ ಆ ಸಾಲಲ್ಲಿ ಎಲ್ಲಿದ್ದಾರೆ ಅಂತ ಇವತ್ತು ಯಾವ ಪ್ರೋಟೀನೂ ಖಚಿತವಾಗಿ ಹೇಳಲ್ಲ, ಎರಡು ಮೂರು ತಿಂಗಳು ಕೀಮೋ ಆದ್ಮೇಲೆ ತೆಗೆಯೋ ಸ್ಕ್ಯಾನ್ ಮತ್ತೆ ಅವ್ರು ಎದ್ದು ತೋಟದ ಗೇಟಿನ ತನಕ ನಡೀತಾರಾ ಅನ್ನೋದು ಅದಕ್ಕಿಂತ ಚೆನ್ನಾಗಿ ಹೇಳುತ್ತೆ. ಬಳ್ಳಿ ನೆಟ್ಟು ಮೆಣಸು ಕೈಗೆ ಬರಕ್ಕೆ ಮೂರು ನಾಲ್ಕು ವರ್ಷ ಬೇಕು, ಅದು ಅವ್ರಿಗೆ ನಿಮಗಿಂತ ಚೆನ್ನಾಗಿ ಗೊತ್ತು. ಅಂದ್ರೆ ಅವ್ರು ಕೇಳ್ತಿರೋದು ಬಳ್ಳಿ ವಿಷಯ ಅಲ್ಲ. ಸುಳ್ಳು ಹೇಳ್ಬೇಡಿ, ಪೂರ್ತಿ ಲೆಕ್ಕ ಒಪ್ಪಿಸೋಕೂ ಹೋಗ್ಬೇಡಿ, 'ಡಾಕ್ಟ್ರು ಏನಂದ್ರು ಅಂತ ತಿಳ್ಕೋಬೇಕಾ ಅಪ್ಪಾ, ಎಷ್ಟು ತಿಳ್ಕೋಬೇಕು' ಅಂತ ಅವ್ರನ್ನೇ ಕೇಳಿ. ಬಳ್ಳಿ ಅಂತೂ ನೆಡ್ಸಿ, ಸಿಲ್ವರ್ ಮರ ಖಾಲಿ ನಿಂತಿದೆಯಲ್ಲ.

ನಿಮ್ಮಿಬ್ಬರ ವಿಷಯ: ಈ ಕ್ಯಾನ್ಸರ್ ವಂಶದಲ್ಲಿ ಹರಿಯೋದು ಹೆಚ್ಚಾಗಿ ಇ-ಕ್ಯಾಡ್ಹೆರಿನ್ ಅನ್ನೋ ಪ್ರೋಟೀನಿನ ಜೀನ್ ಕೆಟ್ಟಾಗ, 1998ರಲ್ಲಿ ನ್ಯೂಜಿಲೆಂಡಿನ ಮಾವೋರಿ ಕುಟುಂಬವೊಂದರಲ್ಲಿ ಮೊದ್ಲು ಸಿಕ್ಕಿದ್ದು ಅದು, ಆದ್ರೆ ಅದು ಕೋಶಗಳು ಚದುರಿ ಹರಡೋ ಡಿಫ್ಯೂಸ್ ಟೈಪು, ಚಿಕ್ಕ ವಯಸ್ಸಲ್ಲೇ ಬರುತ್ತೆ, ಅಪ್ಪನದ್ದು ಇಂಟೆಸ್ಟೈನಲ್, ಹಾಗಾಗಿ ಆ ಭಯ ಕಮ್ಮಿ. ನೀವೂ ತಮ್ಮನೂ ಹೊಟ್ಟೆ ಕ್ಯಾನ್ಸರಿಗೆ ದೊಡ್ಡ ಕಾರಣವಾದ ಎಚ್ ಪೈಲೋರಿ ಬ್ಯಾಕ್ಟೀರಿಯಾಗೆ ಉಸಿರಿನ ಟೆಸ್ಟೋ ಮಲದ ಟೆಸ್ಟೋ ಮಾಡ್ಸಿ, ಇದ್ರೆ ಎರಡು ವಾರದ ಮಾತ್ರೆ. ರಕ್ತದ ಆಂಟಿಬಾಡಿ ಟೆಸ್ಟ್ ಬೇಡ, ಅದು ಹಿಂದ್ಯಾವಾಗ್ಲೋ ಇದ್ದು ಹೋಗಿದ್ದನ್ನೂ ತೋರ್ಸುತ್ತೆ.

ಇನ್ನು ಫಿಶ್‌ಗೆ ಏನು ಮಾಡ್ಬೇಕು ಅಂದ್ರೆ, ಬಯಾಪ್ಸಿ ಆದ ಲ್ಯಾಬಿಗೆ ಹೋಗಿ ಹರ್-2 ಫಿಶ್ ಆರ್ಡರ್ ಆಗಿದೆಯಾ ಕೇಳಿ. ಆಗಿಲ್ಲ ಅಂದ್ರೆ ಪ್ಯಾರಾಫಿನ್ ಬ್ಲಾಕು, ಹರ್-2 ಸ್ಲೈಡು, ರಿಪೋರ್ಟಿನ ಕಾಪಿ ಮೂರನ್ನೂ ಕೇಳಿ ತಗೊಳ್ಳಿ, ಸಹಿ ಹಾಕಿಸ್ಕೊಂಡು ಕೊಡ್ತಾರೆ. ಎಷ್ಟು ಚೂರು ತೆಗ್ದಿದ್ರು ಅಂತಲೂ ರಿಪೋರ್ಟಲ್ಲಿ ನೋಡಿ, ಹರ್-2 ಗಡ್ಡೆಯ ಒಂದು ಕಡೆ ಇದ್ದು ಇನ್ನೊಂದು ಕಡೆ ಇಲ್ದೆ ಇರೋದು ಹೊಟ್ಟೆಯಲ್ಲಿ ಮಾಮೂಲಿ, ಅದಕ್ಕೇ ಆರೇಳು ಚೂರಾದ್ರೂ ಇರ್ಬೇಕು ಅನ್ನೋದು, ಬರೀ ಎರಡಿದ್ದು ಫಿಶ್ ನೆಗೆಟಿವ್ ಬಂದ್ರೆ ಇನ್ನೊಮ್ಮೆ ತೆಗೆಯೋದರ ಬಗ್ಗೆ ಡಾಕ್ಟ್ರ ಹತ್ರ ಮಾತಾಡಿ. ಚೂರನ್ನ ಫಾರ್ಮಲಿನಲ್ಲಿ ಆರು ಗಂಟೆಯಿಂದ 72 ಗಂಟೆ ಒಳಗೆ ಇಟ್ಟಿದ್ರೆ ಸರಿ. 2018ರ ಆಗಸ್ಟಲ್ಲಿ ಗುಡ್ಡ ಕುಸಿದು ಸಂಪಾಜೆ ಘಾಟ್ ಬಂದ್ ಆದಾಗ, ಮಂಗಳೂರಿಗೆ ಬರ್ಬೇಕಿದ್ದ ಒಂದು ಬಯಾಪ್ಸಿ ಬಾಟ್ಲು ಒಂದು ವಾರ ಮಡಿಕೇರಿಯಲ್ಲೇ ಉಳೀತು, ಹರ್-2 ಒನ್ ಪ್ಲಸ್ ಅಂತ ನಾನೇ ರಿಪೋರ್ಟ್ ಕೊಟ್ಟೆ, ಅನುಮಾನ ಬಂದು ಇನ್ನೊಂದು ಬಯಾಪ್ಸಿ ತರ್ಸಿದ್ರೆ ತ್ರೀ ಪ್ಲಸ್. ಯಾರ ತಪ್ಪೂ ಅಲ್ಲ, ಆದ್ರೆ ಅವತ್ತಿಂದ ಚೂರು ಫಾರ್ಮಲಿನಿಗೆ ಬಿದ್ದ ಟೈಮ್ ಬರೀದೆ ಬಂದ ಬಾಟ್ಲಿಗೆ ನಾನು ಫೋನ್ ಮಾಡಿ ಕೇಳ್ತೀನಿ.

ಬ್ಲಾಕನ್ನ ಸಣ್ಣ ಡಬ್ಬಿಯಲ್ಲಿ ಹಾಕಿ ಕೈಯಲ್ಲೇ ಇಟ್ಕೊಂಡು ಹೋಗಿ, ಬಿಸಿಲಲ್ಲಿ ನಿಲ್ಸಿದ ಜೀಪಿನ ಡ್ಯಾಶ್‌ಬೋರ್ಡ್ ಮೇಲೆ ಇಡ್ಬೇಡಿ, ಅದು ಮೇಣ, 60 ಡಿಗ್ರಿ ಹತ್ರ ಹೋದ್ರೆ ಕರಗುತ್ತೆ. ಫಿಶ್ ಮುಗಿದ್ಮೇಲೆ ಬ್ಲಾಕ್ ವಾಪಸ್ ಇಸ್ಕೊಳ್ಳೋದು ಮರೀಬೇಡಿ, ಪಿಡಿ-ಎಲ್1ಗೆ ಅದೇ ಬೇಕು.